ಹುಳಿ ಚೆಲ್ಲಿದ ಸೀಟು

ಫೆಬ್ರವರಿಯ ಒಂದು ಭಾನುವಾರ, ಕೆಂಗೇರಿ ಉಪನಗರದಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಹನುಮಂತನಗರಕ್ಕೆ ವಾಪಸಾಗುತ್ತಿದ್ದೆವು. ಬೇಡವೆಂದರೂ ಕೇಳದೆ ಚಿಕ್ಕಮ್ಮ ಕುಂಬಳಕಾಯಿ ಹುಳಿಯನ್ನು ಸ್ಟೀಲ್ ಕ್ಯಾರಿಯರಿಗೆ ತುಂಬಿ ಅಮ್ಮನ ಮಡಿಲಲ್ಲಿ ಇಟ್ಟಿದ್ದರು. ಮೈಸೂರು ರಸ್ತೆ ಬಿಟ್ಟು ಒಳಗೆ ತಿರುಗಿದ ಮೇಲೆ, ಬಿಳಿ ಪಟ್ಟಿ ಅಳಿಸಿಹೋಗಿದ್ದ ರಸ್ತೆ ಉಬ್ಬೊಂದು ನನಗೆ ಕಾಣಲಿಲ್ಲ. ಕ್ಯಾರಿಯರಿನ ಕೊಂಡಿ ಬಿಚ್ಚಿಕೊಂಡಿತು. ಅಮ್ಮನ ರೇಷ್ಮೆ ಸೀರೆ, ಹಿಂದಿನ ಸೀಟು, ಕೆಳಗಿನ ಕಾರ್ಪೆಟ್ಟು ಎಲ್ಲವೂ ಹುಳಿಮಯ. ಸೀರೆಯ ಬಗ್ಗೆ ಅಮ್ಮ ಒಂದು ಮಾತೂ ಆಡಲಿಲ್ಲ. “ಅಪ್ಪನ ಕಾರು ಹಾಳು ಮಾಡಿಬಿಟ್ಟೆ” ಎಂದು ಮನೆ ಸೇರುವವರೆಗೂ ಹೇಳುತ್ತಲೇ ಇದ್ದರು.

ಅದು ಅಪ್ಪ 2011ರಲ್ಲಿ ನಿವೃತ್ತಿಯ ಹಣದಿಂದ ಕೊಂಡ ಕಾರು. ಸೀಟಿಗೆ ಕೆನೆ ಬಣ್ಣದ ಬಟ್ಟೆ. ಈಗ ಅಪ್ಪನಿಗೆ ಕಣ್ಣು ಮಂಜಾಗಿದೆ, ಓಡಿಸುವುದು ನಾನು. ಆದರೂ ಪ್ರತಿ ಶುಕ್ರವಾರ ಅದಕ್ಕೆ ಹೂವು ಮುಡಿಸುವುದು ಅವರೇ.

ಮಾರನೆಯ ದಿನ ಕಾರನ್ನು ಒಂದು ವಾಷಿಂಗ್ ಅಂಗಡಿಗೆ ಒಯ್ದೆ. ಹುಡುಗರು ಬಕೆಟ್ ತುಂಬ ನೊರೆ ಎಬ್ಬಿಸಿ ಸೀಟನ್ನು ತಿಕ್ಕಿದರು, ನೀರು ಸುರಿದರು, ಬಟ್ಟೆಯಿಂದ ಒರೆಸಿ ಕೈಗೆ ಕೊಟ್ಟರು. ನೋಡುವುದಕ್ಕೆ ಹೊಸದರಂತಿತ್ತು. ಮೂರನೆಯ ದಿನ ಬಾಗಿಲು ತೆರೆದರೆ ಒದ್ದೆ ಗೋಣಿಚೀಲದ ವಾಸನೆ. ವಾರ ಕಳೆಯುವಷ್ಟರಲ್ಲಿ ಕಲೆ ಮತ್ತೆ ಮೇಲೆದ್ದಿತು, ಮೊದಲಿಗಿಂತ ಅಗಲವಾಗಿ, ಅಂಚಿಗೆ ಕಂದು ಬಣ್ಣದ ಗೆರೆಯೊಂದಿಗೆ. ಹಾಕಿದ ನೀರೆಲ್ಲ ಹುಳಿಯನ್ನೂ ಸೋಪನ್ನೂ ಹೊತ್ತುಕೊಂಡು ಒಳಗಿನ ಸ್ಪಂಜಿಗೆ ಇಳಿದಿತ್ತು. ಮೇಲಿನ ಬಟ್ಟೆ ಒಣಗುತ್ತಿದ್ದಂತೆ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ, ಅದನ್ನು ಮತ್ತೆ ಮೇಲಕ್ಕೆ ಎಳೆದುಕೊಂಡಿತು. ಅಮ್ಮ ಕಲೆಯ ಮೇಲೊಂದು ಬೆಡ್‌ಶೀಟ್ ಹೊದಿಸಿದರು.

ಆಗ ಅಕ್ಕ ಮತ್ತು ನಾನು ಅರ್ಧರ್ಧ ಹಣ ಹಾಕಿ ಒಂದು ಎಕ್ಸ್‌ಟ್ರಾಕ್ಟರ್ ಕೊಂಡೆವು. ಮನೆ ಬಳಕೆಯ ಸಣ್ಣ ಯಂತ್ರ. ಅದರಲ್ಲಿ ಎರಡು ತೊಟ್ಟಿಗಳಿವೆ. ಒಂದಕ್ಕೆ ಬಿಸಿನೀರು ತುಂಬಬೇಕು, ಇನ್ನೊಂದಕ್ಕೆ ಕೊಳೆನೀರು ಬಂದು ಸೇರುತ್ತದೆ. ಕೈಯಲ್ಲಿ ಹಿಡಿಯುವ ಮೂತಿಯ ಗುಂಡಿ ಒತ್ತಿದರೆ ನೀರು ಚಿಮ್ಮಿ ಬಟ್ಟೆಯೊಳಕ್ಕೆ ಹೋಗುತ್ತದೆ, ಅದರ ಬೆನ್ನಿಗೇ ಅದೇ ಮೂತಿ ಆ ನೀರನ್ನು ಹೀರಿಕೊಳ್ಳುತ್ತದೆ. ನೀರು ಕಾಯಿಸುವ ದೊಡ್ಡ ಯಂತ್ರಗಳೂ ಇವೆ, ನಮ್ಮದರಲ್ಲಿ ಹೀಟರ್ ಇಲ್ಲ. ಆದರೆ ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ಇರುವಾಗ ಹೀಟರ್ ಯಾಕೆ? ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ಸೋಲಾರ್ ನಲ್ಲಿಯಲ್ಲಿ ಕೈಯಿಡಲಾಗದಷ್ಟು ಬಿಸಿಯಾದ ನೀರು ಬರುತ್ತದೆ. ಒಗ್ಗರಣೆಯ ಎಣ್ಣೆಯಂಥ ಜಿಡ್ಡು ಬಿಡುವುದಕ್ಕೆ ಅಷ್ಟು ಬಿಸಿ ಸಾಕು. ಕುದಿಯುವ ನೀರನ್ನು ಮಾತ್ರ ತುಂಬಬಾರದು, ತೊಟ್ಟಿ ಸೊಟ್ಟಗಾಗುತ್ತದೆ. ಹಾಲು, ಮೊಟ್ಟೆ ಚೆಲ್ಲಿದ್ದರೆ ಬಿಸಿನೀರೇ ಬೇಡ. ಬಿಸಿಗೆ ಅವು ಗಟ್ಟಿಯಾಗಿ ಎಳೆಗೆ ಅಂಟಿಕೊಂಡುಬಿಡುತ್ತವೆ. ಮೊದಲು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಿಂದಲೇ ಅವನ್ನು ತೆಗೆಯಬೇಕು.

ಮೊದಲು ಒಣ ವ್ಯಾಕ್ಯೂಮ್ ಹಿಡಿದೆ. ಇದನ್ನು ಬಿಟ್ಟರೆ ಧೂಳೆಲ್ಲ ಕೆಸರಾಗುತ್ತದೆ. ನಮ್ಮ ಕಾರ್ಪೆಟ್ಟಿನಿಂದ ಕೆಮ್ಮಣ್ಣು, ಅಕ್ಷತೆ, ಒಣಗಿದ ಸೇವಂತಿಗೆ ದಳ, ಒಂದು ರೂಪಾಯಿಯ ನಾಲ್ಕು ನಾಣ್ಯ ಹೊರಬಂದವು. ಆಮೇಲೆ ಸೀಟಿಗೆ ಸೋಪಿನ ನೀರನ್ನು ತೆಳ್ಳಗೆ ಚಿಮುಕಿಸಿ, ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಅದು ಒಳಗೆ ಇಳಿಯಲೆಂದು ಕಾದೆ.

ಎರಡೇ ನಿಮಿಷ. ಹಳದಿ ಕಲೆ ನನ್ನ ಕಣ್ಣೆದುರೇ ಇಟ್ಟಿಗೆ ಕೆಂಪಿಗೆ ತಿರುಗಿತು. ನನಗೆ ಎದೆ ಧಸಕ್ಕೆಂದಿತು. ಅಮ್ಮನನ್ನು ಕೂಗಿದೆ. ಅವರು ಬಗ್ಗಿ ನೋಡಿ, ಸ್ವಲ್ಪವೂ ಗಾಬರಿಯಾಗದೆ, “ಇದು ಓಕುಳಿ ಕಣೇ” ಎಂದರು. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಆರತಿಯ ನೀರು ಕೆಂಪಾಗುತ್ತದಲ್ಲ, ಇದೂ ಅದೇ. ಹುಳಿ ಚೆಲ್ಲಿದ ಆ ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಹೊಸಿಲ ಬಳಿ ಅದನ್ನು ಬೆರೆಸಿದ್ದೂ ಅಮ್ಮನೇ. ಸೋಪಿನಲ್ಲಿರುವ ಕ್ಷಾರ ಸುಣ್ಣದ ಕೆಲಸ ಮಾಡಿತ್ತು. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ ಚಿಮುಕಿಸಿದೆ. ಕೆಂಪು ಹಾಗೆಯೇ ಹಳದಿಗೆ ಮರಳಿತು. ಎಳೆಯಲ್ಲಿ ಉಳಿದ ಸೋಪಿನ ಜಿಗುಟನ್ನು ತೆಗೆಯುವುದಕ್ಕೂ ಆ ವಿನೆಗರ್ ಒಳ್ಳೆಯದು. ಜಿಗುಟು ಉಳಿದರೆ ಸೀಟು ಬೇಗ ಧೂಳು ಹಿಡಿಯುತ್ತದೆ.

ಇನ್ನು ಹೀರುವ ಕೆಲಸ. ನಾನು ಅತ್ಯಂತ ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಗುಂಡಿ ಒತ್ತಿ ಒಂದು ಸಲ ಎಳೆದರೆ, ಗುಂಡಿ ಬಿಟ್ಟು ಅದೇ ಜಾಗದಲ್ಲಿ ಮೂರು ನಾಲ್ಕು ಸಲ ಎಳೆಯಬೇಕು. ಅವಸರ ಕೂಡದು, ಇರುವೆಯ ಸಾಲು ಹೋಗುವಷ್ಟು ನಿಧಾನ. ನಮ್ಮ ಯಂತ್ರದ ಮೂತಿ ಗಾಜಿನಂತೆ ಪಾರದರ್ಶಕ. ಮೊದಲ ಎಳೆತದಲ್ಲಿ ಫಿಲ್ಟರ್ ಕಾಫಿಯ ಗಸಿಯಂಥ ನೀರು ಗುಳುಗುಳು ಎಂದು ಮೇಲೇರಿತು. ಸಾಸಿವೆಯ ಒಂದು ಕಾಳೂ ಅದರ ಜೊತೆ ಹೋದದ್ದನ್ನು ಕಂಡೆ. ಎರಡನೆಯದಕ್ಕೆ ಚಹಾದ ಬಣ್ಣ, ಆರನೆಯದಕ್ಕೆ ಅಕ್ಕಿ ತೊಳೆದ ನೀರಿನ ಬಣ್ಣ. ಬಳಿಕ ಹನಿಗಳಷ್ಟೇ ಓಡಾಡತೊಡಗಿದವು. ಹನಿಯೂ ಕಾಣದಾದಾಗ ನಿಲ್ಲಿಸಿದೆ.

ಇಡೀ ಕಾರಿಗೆ ನಾನು ತುಂಬಿದ್ದು 9 ಲೀಟರ್ ನೀರು. ಕೊಳೆನೀರನ್ನು ಅಳೆದು ನೋಡಿದೆ, ಏಳೂವರೆ ಲೀಟರ್ ವಾಪಸ್ ಬಂದಿತ್ತು. ಉಳಿದ ಒಂದೂವರೆ ಲೀಟರನ್ನು ಬಿಸಿಲು, ಗಾಳಿ ಎಳೆದುಕೊಳ್ಳಬೇಕು. ಅಂಗಡಿಯಲ್ಲಿ ಎಷ್ಟು ಬಕೆಟ್ ಒಳಗೇ ಉಳಿದಿತ್ತೋ ಎಂದು ನೆನೆದು ಸಂಕಟವಾಯಿತು. 2024ರ ಮಾರ್ಚಿನಲ್ಲಿ ಈ ಊರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಅದಾದ ಮೇಲೆ ಕಾರಿನ ಹೊರಮೈಯನ್ನೂ ನಾನು ಒದ್ದೆ ಬಟ್ಟೆಯಲ್ಲೇ ಒರೆಸುವುದು. ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಮಾತು: ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕೆಲಸ ಮಾಡುವುದಿಲ್ಲ, ಗಾಢ ಬಣ್ಣದ ಕಾರ್ಪೆಟ್ಟಿನ ಮೇಲೆ ಬಿಳಿ ಪುಡಿಯೂ ಉಳಿಯುತ್ತದೆ. ಕೊನೆಯ ಸುತ್ತಿಗಾದರೂ ಗಡಸಲ್ಲದ ನೀರು ಬಳಸಿ.

ಕಾರ್ಪೆಟ್ಟಿನ ಕೆಳಗೆ ದಪ್ಪ ಹಾಸಿರುತ್ತದೆ. ಅದು ನೆನೆದರೆ ಸುಲಭಕ್ಕೆ ಒಣಗದು, ಆದ್ದರಿಂದ ಅಲ್ಲಿ ನೀರು ಇನ್ನೂ ಕಡಿಮೆ ಇರಲಿ. ಸೀಟಿನ ಕೆಳಗೆ ಹಳದಿ ಕವಚದ ತಂತಿಗಳಿದ್ದರೆ ಅವು ಏರ್‌ಬ್ಯಾಗಿಗೆ ಸೇರಿದವು, ಹತ್ತಿರ ನೀರು ಚಿಮುಕಿಸಬೇಡಿ, ಬಿಚ್ಚಲೂ ಬೇಡಿ. ಚಾವಣಿಯ ಒಳಬಟ್ಟೆಗೆ ಈ ಯಂತ್ರ ತಾಗಿಸಲೇಬಾರದು. ಅದು ಬರೀ ಅಂಟಿನ ಮೇಲೆ ನಿಂತಿರುತ್ತದೆ, ಒದ್ದೆಯಾದರೆ ಜೋತುಬೀಳುತ್ತದೆ.

ಒಣಗಿಸಲು ನಾಲ್ಕೂ ಬಾಗಿಲು ತೆರೆದು, ಮನೆಯ ಟೇಬಲ್ ಫ್ಯಾನನ್ನು ಹಿಂದಿನ ಸೀಟಿಗೆ ಮುಖಮಾಡಿ ಇಟ್ಟೆ. ಹನ್ನೊಂದಕ್ಕೆ ಕೆಲಸ ಮುಗಿದದ್ದು, ಸಂಜೆ ಆರಕ್ಕೆ ಸೀಟಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಮೊಣಕಾಲೂರಿ ಒತ್ತಿದೆ. ಪತ್ರಿಕೆ ಗರಿಗರಿಯಾಗಿಯೇ ಇತ್ತು. ಇದೇ ಕೆಲಸವನ್ನು ಮೋಡ ಕವಿದ ಆಷಾಢದಲ್ಲಿ ನಾನಂತೂ ಮಾಡುವುದಿಲ್ಲ.

ಕೊಳೆನೀರನ್ನು ಗೇಟಿನ ಮುಂದಿನ ಚರಂಡಿಗೆ ಸುರಿಯಲು ಹೊರಟಿದ್ದ ಅಕ್ಕನ ಮಗನನ್ನು ತಡೆದು, ಬಚ್ಚಲಿಗೆ ಸುರಿಸಿದೆ. ನಮ್ಮ ಬೀದಿಯ ಮಳೆನೀರು ವೃಷಭಾವತಿಯ ಕಡೆಗೆ ಹರಿಯುತ್ತದೆ. ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುವ ಹೊಳೆ ಅದು, ಈಗಾಗಲೇ ಬೇಕಾದಷ್ಟು ಕೊಳೆ ಹೊತ್ತಿದೆ.

ಹೊಲಿಗೆಯ ಪಕ್ಕದಲ್ಲಿ ಹೆಬ್ಬೆರಳಗಲದ ತಿಳಿ ಹಳದಿ ಇನ್ನೂ ಉಳಿದಿದೆ. ಅರಿಸಿನದ ಬಣ್ಣ ಬಿಸಿಲಿಗೆ ಬಿಡುತ್ತದೆ. ಅಜ್ಜಿ ಬಿಳಿ ಪಂಚೆಯ ಕಲೆಗಳನ್ನು ತಾರಸಿಯ ಬಿಸಿಲಿಗೆ ಹಿಡಿದೇ ಬಿಡಿಸುತ್ತಿದ್ದರು. ಅದಕ್ಕೇ ಈಗ ಕಾರನ್ನು ಹಿಮ್ಮುಖವಾಗಿ ನಿಲ್ಲಿಸಿ, ಆ ಬದಿಯ ಬಾಗಿಲನ್ನು ದಿನಕ್ಕೆ ಒಂದು ಗಂಟೆ ತೆರೆದಿಡುತ್ತಿದ್ದೇನೆ. ಬಾಗಿಲ ಬಳಿ ಅಪ್ಪ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ. ಅಮ್ಮ ಮೊನ್ನೆ ಬೆಡ್‌ಶೀಟನ್ನು ತೆಗೆದು ಒಗೆಯಲು ಹಾಕಿದರು.