ಸೈಕಲ್ಲಿನ ಗುಟ್ಟು

ಬಿ.ಎಚ್. ರಸ್ತೆಯಲ್ಲಿ ಟೀ ಕುಡಿದು ಬರುವಷ್ಟರಲ್ಲಿ ನನ್ನ ಎಲೆಕ್ಟ್ರಿಕ್ ಸೈಕಲ್ಲು ಮಾಯ. ಕತ್ತರಿಸಿದ ಬೀಗ ಮಾತ್ರ ಬಿದ್ದಿತ್ತು. ಹೊಸದು ಕೊಂಡ ದಿನವೇ, ಸೈಕಲ್ಲು ಎಲ್ಲಿದೆ ಅಂತ ಫೋನಿಗೆ ತಿಳಿಸುವ ಟ್ರ್ಯಾಕರ್ ಹುಡುಕಲು ಕೂತೆ.

ಆಪಲ್ ಕಂಪನಿಯ ಪುಟ್ಟ ಟ್ರ್ಯಾಕರ್ ಏರ್‌ಟ್ಯಾಗ್‌ನ ಸಿಆರ್2032 ಬಟನ್ ಸೆಲ್ಲು ಹತ್ತಿರಹತ್ತಿರ ವರ್ಷ ಬರುತ್ತೆ, ನಿಜ. ಆದರೆ ಅದಕ್ಕೆ ಸ್ವಂತ ಜಿಪಿಎಸ್ ಇಲ್ಲ, ಜಾಗ ತಿಳಿಯಬೇಕಾದರೆ ಪಕ್ಕದಲ್ಲಿ ಯಾರದಾದರೂ ಐಫೋನ್ ಹಾದುಹೋಗಬೇಕು. ತುಮಕೂರು ಪೇಟೆಯಲ್ಲಿ ಸರಿ, ಕಳ್ಳ ಗುಬ್ಬಿ ಕಡೆಯ ತೆಂಗಿನ ತೋಟದಲ್ಲಿ ಬಚ್ಚಿಟ್ಟರೆ? ಸಾಲದ್ದಕ್ಕೆ, 'ನಿಮ್ಮ ಜೊತೆ ಟ್ಯಾಗ್ ಬರ್ತಿದೆ' ಅಂತ ಕಳ್ಳನ ಫೋನಿಗೇ ಚಾಡಿ ಹೇಳುತ್ತೆ, ಪುಣ್ಯಾತ್ಮ!

ಹಾಗಾಗಿ ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್ ತಗೊಂಡೆ, ತನ್ನದೇ ಬ್ಯಾಟರಿ ಇರೋದು. ಸೈಕಲ್ಲಿನ ಬ್ಯಾಟರಿ ಕಿತ್ತರೂ ಬದುಕಿರಲಿ ಅಂತ. ಸೀಟಿನ ಕೊಳವೆಯೊಳಗೆ ಇಳಿಸಿದೆ, ಲೋಹ ಸಿಗ್ನಲ್ಲನ್ನೇ ನುಂಗಿತು. ಈಗ ಪ್ಲಾಸ್ಟಿಕ್ಕಿನ ಒಂದು ಜಾಗದಲ್ಲಿದೆ. ಎಲ್ಲಿ ಅಂತ ಹೆಂಡತಿಗೂ ಹೇಳಿಲ್ಲ.