ದಿಬ್ಬ ಕೆಡವಿದ ಮೇಲೆ ಗೊತ್ತಾಗಿದ್ದು

ನಗರದ ಒಂದು ದೊಡ್ಡ ಪಾರ್ಕಿನಲ್ಲಿ ದಾರಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಯಾವ ದಾರಿ ಎಲ್ಲಿ ಹೋಗಬೇಕು, ಎಲ್ಲಿ ತಿರುಗಬೇಕು, ಮಳೆ ನೀರು ಎಲ್ಲಿ ಇಳಿಯಬೇಕು, ಯಾವುದನ್ನು ಮುಚ್ಚಬೇಕು, ದಿನಾ ಇದೇ. ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪಿಗೆ ಒಂದು ಬೆಳಿಗ್ಗೆ ಸಾಕಾಯಿತು. ಅದನ್ನು ಸರಿ ಮಾಡೋಕೆ ಎರಡು ವರ್ಷ ಬೇಕಾಯಿತು.

ಗೇಟಿನ ಹತ್ತಿರ, ಗಾಡಿ ನಿಲ್ಲಿಸುವ ಜಾಗದ ಹಿಂದೆ, ಹುಡುಗರು ಮಣ್ಣು ಗುಡ್ಡೆ ಹಾಕಿ ಸೈಕಲ್ ಹಾರಿಸೋಕೆ ದಿಬ್ಬ ಮಾಡಿಕೊಂಡಿದ್ದರು. ಯಾರನ್ನೂ ಕೇಳಿರಲಿಲ್ಲ. ದೂರು ಬಂತು. ನಾನು ಯಂತ್ರ ತರಿಸಿ ಎಲ್ಲಾ ಸಮ ಮಾಡಿಸಿದೆ, ಬೋರ್ಡ್ ಹಾಕಿಸಿದೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ತಿಂಗಳು ತುಂಬುವ ಮೊದಲೇ ನಮ್ಮ ಹಿರಿಯ ತೋಟಗಾರರು ನನ್ನನ್ನು ಕೊಳದ ಆಚೆ ಕರೆದುಕೊಂಡು ಹೋದರು. ಪಾರ್ಕಿನಲ್ಲಿ ಜನ ಕಾಲಿಡದ ಜಾಗ ಅಂತ ಉಳಿದಿದ್ದೇ ಆ ಪೊದೆಗಾಡು. ಅಲ್ಲಿ ಹೊಸ ದಿಬ್ಬ ಎದ್ದಿದ್ದವು, ಮೊದಲಿಗಿಂತ ದೊಡ್ಡವು. ಪೊದೆ ಸವರಿದ್ದರು. ಒಂದು ಹಳೇ ಮರದ ಬುಡದಲ್ಲೇ ಮಣ್ಣು ಅಗೆದಿದ್ದರು. ಆ ಮರದ ಪೊಟರೆಯಲ್ಲಿ ವರ್ಷಾ ವರ್ಷಾ ಗೂಬೆ ಮರಿ ಮಾಡುತ್ತಿತ್ತು.

"ಮೇಡಂ, ನಾವು ಅವರನ್ನ ಹೊರಗೆ ಕಳಿಸಲಿಲ್ಲ, ಒಳಗೆ ಅಟ್ಟಿದ್ವಿ" ಅಂದರು ಅವರು. ಕೋಪದಿಂದ ಹೇಳಿದ್ದಲ್ಲ. ಅದಕ್ಕೇ ಜಾಸ್ತಿ ನಾಟಿತು.

ಮತ್ತೆ ಯಂತ್ರ ತರಿಸಬಹುದಿತ್ತು. ಆದರೆ ಆಮೇಲೆ ಅವರು ಇನ್ನೆಲ್ಲಿಗೆ ಹೋಗುತ್ತಾರೆ? ಸೈಕಲ್ ಹಾರಿಸಬೇಕು ಅನ್ನೋ ಆಸೆ ಬೋರ್ಡ್ ನೋಡಿ ಕರಗಲ್ಲ. ಆ ವಯಸ್ಸಿನ ಮಕ್ಕಳು ಮೊಬೈಲ್ ಬಿಟ್ಟು, ಸಲಿಕೆ ಹಿಡಿದು, ಮಣ್ಣು ಹೊತ್ತು ಏನೋ ಕಟ್ಟಿದ್ದಾರೆ ಅಂದರೆ ಅದು ಒಳ್ಳೆಯದೇ ಅಂತ ನನಗೆ ಆಗಲೂ ಅನ್ನಿಸಿತ್ತು. ಈಗಲೂ ಅನ್ನಿಸುತ್ತೆ. ತಪ್ಪಾಗಿದ್ದು ಜಾಗ ಮಾತ್ರ. ಆ ಜಾಗಕ್ಕೆ ಅವರನ್ನು ತಳ್ಳಿದ್ದು ನಾನು.

ಅಲ್ಲಿಂದ ನಾನು ಓದೋಕೆ ಶುರು ಮಾಡಿದೆ. ಅಲ್ಲಿಯವರೆಗೂ ದಾರಿ ಅಂದರೆ ಅದರ ಅಗಲ ಎಷ್ಟೋ ಅಷ್ಟೇ ಅಂದುಕೊಂಡಿದ್ದೆ. ಒಂದು ಮೀಟರ್ ಅಗಲದ ದಾರಿ ಒಂದು ಮೀಟರ್ ಜಾಗ ತಿನ್ನುತ್ತೆ, ಅಷ್ಟೇ ತಾನೇ ಅಂತ. ಅಮೆರಿಕದ ಯೂಟಾ ರಾಜ್ಯದ ಆಂಟಿಲೋಪ್ ದ್ವೀಪದಲ್ಲಿ ಕಾಡುಕೋಣದಂಥ ಬೈಸನ್, ಮ್ಯೂಲ್ ಜಿಂಕೆ, ಹುಲ್ಲೆಯಂಥ ಪ್ರಾಂಗ್‌ಹಾರ್ನ್ ಈ ಮೂರನ್ನು ಗಮನಿಸಿ ಮಾಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ದಾರಿಯಿಂದ 100 ಮೀಟರ್ ಒಳಗೆ ಇದ್ದ ಪ್ರಾಣಿ, ದಾರಿಯಲ್ಲಿ ಜನ ಬಂದಾಗ ಎದ್ದು ಓಡುವ ಸಾಧ್ಯತೆ 70%. ಈಗ ಲೆಕ್ಕ ಹಾಕಿ. ಎರಡೂ ಕಡೆ ಸೇರಿ 200 ಮೀಟರ್. ಒಂದು ಕಿಲೋಮೀಟರ್ ದಾರಿ ಮಾಡಿದರೆ 20 ಹೆಕ್ಟೇರ್, ಅಂದರೆ ಸುಮಾರು 50 ಎಕರೆ ಜಾಗದ ನೆಮ್ಮದಿ ಹೋಯಿತು. ಅದು ಬಯಲು ಪ್ರದೇಶದ ದೊಡ್ಡ ಪ್ರಾಣಿಗಳ ಲೆಕ್ಕ, ನಿಜ. ದಟ್ಟ ಪೊದೆಯ ಮರೆಯಲ್ಲಿ ಈ ದೂರ ಕಮ್ಮಿಯಾಗುತ್ತೆ, ನಗರದ ಜೀವಿಗಳು ಜನರಿಗೆ ಸ್ವಲ್ಪ ಒಗ್ಗಿಕೊಂಡೂ ಇರುತ್ತವೆ. ಹಾಗಾಗಿ ಆ 100 ಮೀಟರನ್ನು ನಮ್ಮ ನಕ್ಷೆಗೆ ಹಾಗೇ ಎತ್ತಿ ಹಾಕಲಿಲ್ಲ. ಆದರೆ ದಾರಿಗೆ ಕಾಣದ ಅಗಲ ಒಂದಿದೆ ಅನ್ನೋದು ತಲೆಯಲ್ಲಿ ಕೂತುಬಿಟ್ಟಿತು.

ಅದರಿಂದ ಇನ್ನೊಂದು ವಿಷಯವೂ ಹೊಳೆಯಿತು. ಆ ಕಾಣದ ಅಗಲಗಳು ಒಂದರ ಮೇಲೊಂದು ಬೀಳಬಹುದು! ಮೂರು ಕಿಲೋಮೀಟರ್ ದಾರಿಯನ್ನು ಪಾರ್ಕಿನ ತುಂಬಾ ಎಳೆದರೆ ಒಂದು ಮೂಲೆಯೂ ಉಳಿಯಲ್ಲ. ಅದೇ ಮೂರು ಕಿಲೋಮೀಟರನ್ನು ಒಂದೇ ಅಂಚಿನಲ್ಲಿ ಹಾವಿನ ಹಾಗೆ ಸುತ್ತಿಸಿದರೆ ಗದ್ದಲವೆಲ್ಲ ಅಲ್ಲೇ ಉಳಿಯುತ್ತೆ. ಮಣ್ಣು, ಗಿಡದ ಲೆಕ್ಕವೂ ಹೀಗೇ. ಹೊಸ ಜಾಗದಲ್ಲಿ ಮೊದಮೊದಲ ಓಡಾಟಕ್ಕೇ ಹೆಚ್ಚಿನ ಹಾನಿ ಆಗಿಹೋಗುತ್ತೆ, ಆಮೇಲೆ ಓಡಾಟ ಹೆಚ್ಚಿದರೂ ಹಾನಿ ಅಷ್ಟು ಬೇಗ ಏರಲ್ಲ. ಎಲ್ಲರನ್ನೂ ಅಲ್ಲಲ್ಲಿ ಹರಡಿಬಿಟ್ಟರೆ ಭಾರ ಹಂಚಿಹೋಗುತ್ತೆ ಅಂತ ಮೊದಲು ನಾನೇ ವಾದ ಮಾಡುತ್ತಿದ್ದೆ. ಅದು ತಪ್ಪು.

ಸಭೆ ಕರೆದೆವು. ಸೈಕಲ್ ಹುಡುಗರು, ಬೆಳಿಗ್ಗೆ ಹಕ್ಕಿ ನೋಡೋಕೆ ಬರುವವರು, ವಾಕಿಂಗ್‌ನವರು, ನಾವು. ಮೊದಲ ಸಭೆ ಚೆನ್ನಾಗಿ ನಡೆಯಲಿಲ್ಲ. ಸೈಕಲ್ಲೇ ಎಲ್ಲದಕ್ಕೂ ಕಾರಣ ಅಂತ ವಾಕಿಂಗ್‌ನವರು ಹೇಳಿದರು. ಇದನ್ನು ಒಪ್ಪೋಕೆ ನನಗೆ ಆಗಲಿಲ್ಲ, ಯಾಕಂದರೆ ಅದೇ ದ್ವೀಪದ ಅಧ್ಯಯನದಲ್ಲಿ ಪ್ರಾಣಿಗಳು ನಡೆಯುವವರಿಗೂ ಸೈಕಲ್‌ನವರಿಗೂ ಬೆದರಿದ ರೀತಿಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. 1994ರಲ್ಲಿ ಮೊಂಟಾನಾದ ಬೆಟ್ಟದ ದಾರಿಗಳ ಬಗ್ಗೆ ಬಂದ ಇನ್ನೊಂದು ಅಧ್ಯಯನ, ಚಕ್ರಕ್ಕಿಂತ ಕುದುರೆ ಗೊರಸು ಮತ್ತು ಮನುಷ್ಯರ ಕಾಲೇ ಮಣ್ಣನ್ನು ಹೆಚ್ಚು ಸಡಿಲ ಮಾಡುತ್ತೆ ಅಂತ ತೋರಿಸಿತು. 2016ರಲ್ಲಿ 274 ಲೇಖನಗಳನ್ನು ಒಟ್ಟಿಗೆ ನೋಡಿದ ಒಂದು ವಿಮರ್ಶೆಯಲ್ಲಿ, ಜನರ ವಿಹಾರದಿಂದ ಪ್ರಾಣಿಗಳ ಮೇಲೆ ಏನಾದರೂ ಒಂದು ಪರಿಣಾಮ ಆಗಿದ್ದು 93%ಕ್ಕೂ ಹೆಚ್ಚು ಲೇಖನಗಳಲ್ಲಿ ಕಂಡಿತ್ತು. ಅದರಲ್ಲಿ ಸದ್ದಿಲ್ಲದೆ ನಡೆಯುವವರೂ ಸೇರಿದ್ದರು. ಹಾಗಂತ ಸೈಕಲ್‌ನಿಂದ ಏನೂ ಆಗಲ್ಲ ಅಂತಲ್ಲ. ಅದು ಒಂದು ಗಂಟೆಯಲ್ಲಿ ಹೆಚ್ಚು ದೂರ ಹೋಗುತ್ತೆ, ಸದ್ದಿಲ್ಲದೆ ಬೇಗ ಬರುತ್ತೆ, ತಿರುವಿನಲ್ಲಿ ದಿಢೀರ್ ಅಂತ ಎದುರಾಗುತ್ತೆ. ಆದರೆ ಕೊಳದ ಆಚೆಯ ಜಾಗ ಮುಚ್ಚೋದಾದರೆ ಎಲ್ಲರಿಗೂ ಮುಚ್ಚಬೇಕು, ನಾಯಿ ಕರೆದುಕೊಂಡು ಬರುವವರಿಗೂ, ದೊಡ್ಡ ಕ್ಯಾಮೆರಾ ಹಿಡಿದು ಗೂಡಿನ ಹತ್ತಿರ ಹೋಗುವವರಿಗೂ. ಈ ಮಾತು ಆಡಿದ ಮೇಲೆಯೇ ಹುಡುಗರು ನನ್ನ ಮಾತಿಗೆ ಕಿವಿ ಕೊಟ್ಟರು.

ಎರಡನೇ ಸಭೆಯಲ್ಲಿ ಖಾಲಿ ನಕ್ಷೆ ಹಾಸಿ, ದಾರಿ ಎಲ್ಲಿ ಬೇಕು ಅಂತ ಕೇಳಲೇ ಇಲ್ಲ. ಎಲ್ಲಿ ಬೇಡ ಅಂತ ಕೇಳಿದೆವು. ತೋಟಗಾರರು ಪೊಟರೆ ಇರುವ ಹಳೇ ಮರಗಳನ್ನು ಗುರುತು ಮಾಡಿದರು. ಹಕ್ಕಿ ನೋಡುವವರು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಎಲ್ಲೆಲ್ಲಿ ಕಾವು ಕೂರುತ್ತವೆ ಅಂತ ತೋರಿಸಿದರು. ಕೊಳದಿಂದ ಪೊದೆಗಾಡಿಗೆ ಕಪ್ಪೆ, ಆಮೆ, ಹಾವು ಓಡಾಡುವ ಒಂದು ಸಣ್ಣ ಪಟ್ಟಿ ಇತ್ತು, ಅದಕ್ಕೂ ಬಣ್ಣ ಬಳಿದೆವು. ಆಮೆಗಳ ಬಗ್ಗೆ ಕೇಳಿ ಹುಡುಗರು ಸುಮ್ಮನಾಗಿಬಿಟ್ಟರು. ಆಮೆ ಮೊಟ್ಟೆ ಇಡೋಕೆ ನೀರಿನಿಂದ ಮೇಲೆ ಬಂದು ಬಿಸಿಲು ಬೀಳುವ ಸಡಿಲ ಮಣ್ಣು ಹುಡುಕುತ್ತೆ. ಅವರು ದಿಬ್ಬಕ್ಕೆ ಅಗೆದಿದ್ದು ಅಂಥದೇ ಮಣ್ಣು. "ಅಕ್ಕಾ, ನಮಗೆ ಗೊತ್ತಿರಲಿಲ್ಲ" ಅಂದ ಒಬ್ಬ. ನನಗೂ ಗೊತ್ತಿರಲಿಲ್ಲಪ್ಪ ಅಂದೆ, ಅದು ನಿಜವೇ ಆಗಿತ್ತು.

ಬಣ್ಣ ಬಳಿಯದೆ ಉಳಿದಿದ್ದು ಎಲ್ಲಿ ಗೊತ್ತಾ? ನಾನು ದಿಬ್ಬ ಕೆಡವಿಸಿದ ಜಾಗ. ಗೇಟಿನ ಪಕ್ಕ, ಮೊದಲೇ ಗದ್ದಲ ಇರುವ, ಮೊದಲೇ ಗಟ್ಟಿಯಾದ ನೆಲ. ಅಲ್ಲೇ ಪಂಪ್ ಟ್ರ್ಯಾಕ್ ಕಟ್ಟಿದೆವು. ಸಾಲು ಸಾಲು ಉಬ್ಬು, ಓರೆಯಾಗಿ ಎತ್ತರಿಸಿದ ತಿರುವುಗಳು, ಪೆಡಲ್ ತುಳಿಯದೆ ಮೈಯನ್ನು ಮೇಲೆ ಕೆಳಗೆ ಒತ್ತುತ್ತಾ ವೇಗ ತೆಗೆದುಕೊಳ್ಳೋದು. ಸಣ್ಣ ಜಾಗದಲ್ಲಿ ದಿನವಿಡೀ ಸುತ್ತಬಹುದು. ಸೈಕಲ್ ಹುಡುಗರ ಮತ್ತು ಪೊದೆಗಾಡಿನ ಜೀವಿಗಳ ಜಗಳ ಬಿಡಿಸೋಕೆ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಉಬ್ಬಿನ ಆಕಾರ ತಿದ್ದಿದ್ದು ಹುಡುಗರೇ.

ಅದರ ಹಿಂದೆ, ಅಂಚಿನ ಇಳಿಜಾರಿನಲ್ಲಿ, ಸುತ್ತು ಸುತ್ತಾಗಿ ಒಂದು ಮಣ್ಣಿನ ದಾರಿಯನ್ನೂ ಮಾಡಿದೆವು. ಇಲ್ಲಿ ಸೈಕಲ್ ದಾರಿ ಕಟ್ಟುವವರ ಹಳೇ ನಿಯಮಗಳೇ ಕೈಹಿಡಿದವು. ದಾರಿಯ ಏರು ಸರಾಸರಿ 10% ದಾಟಬಾರದು, ಇಳಿಜಾರು ಎಷ್ಟು ಕಡಿದಾಗಿದೆಯೋ ಅದರ ಅರ್ಧಕ್ಕಿಂತ ದಾರಿ ಕಡಿದಾಗಿರಬಾರದು, ದಾರಿ ಇಳಿಜಾರಿನ ಕೆಳಬದಿಗೆ ಸ್ವಲ್ಪ ವಾಲಿರಬೇಕು, ಅಲ್ಲಲ್ಲಿ ಇಳಿದು ಏರುವಂತಿರಬೇಕು, ಹಾಗಿದ್ದರೆ ನೀರು ದಾರಿಯಲ್ಲೇ ಓಡದೆ ಪಕ್ಕಕ್ಕೆ ಹೋಗುತ್ತೆ. ಇದು ಬರೀ ದಾರಿ ಬಾಳಿಕೆ ಬರಲಿ ಅಂತ ಅಲ್ಲ. ದಾರಿ ಕೊರಕಲು ಬಿದ್ದರೆ ಆ ಹೂಳೆಲ್ಲ ಕೊಳಕ್ಕೆ ಇಳಿದು ಕಪ್ಪೆ ಮೊಟ್ಟೆಗಳ ಮೇಲೆ ಕೂರುತ್ತೆ.

ಒಳಗಿನ ದಾರಿಗಳನ್ನು ಮುಚ್ಚೋದು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಮೊದಲ ಸಲ ಬಾಯಿಗೆ ಮರದ ದಿಮ್ಮಿ ಅಡ್ಡ ಹಾಕಿದೆವು, ಜನ ಪಕ್ಕದಿಂದ ಇನ್ನೊಂದು ದಾರಿ ಮಾಡಿಕೊಂಡರು. ದಾರಿ ಕಣ್ಣಿಗೆ ಕಾಣುವ ತನಕ ಕಾಲು ಹೋಗೇ ಹೋಗುತ್ತೆ. ಎರಡನೇ ಸಲ ಗಟ್ಟಿಯಾದ ಮಣ್ಣನ್ನು ಗುದ್ದಲಿಯಿಂದ ಸಡಿಲ ಮಾಡಿ, ದಾರಿಯ ಮೊದಲ ಹತ್ತು ಹದಿನೈದು ಮೀಟರಿನಲ್ಲಿ ಒಣ ಕೊಂಬೆಗಳನ್ನು ನೆಟ್ಟಗೆ ಹೂತು, ತರಗೆಲೆ ಹರಡಿ, ಅದು ದಾರಿ ಅಂತಲೇ ಗೊತ್ತಾಗದ ಹಾಗೆ ಮಾಡಿದೆವು. ಈ ಕೆಲಸಕ್ಕೂ ಹುಡುಗರು ಬಂದರು. ಹಕ್ಕಿ ಕಾವು ಕೂರುವ ತಿಂಗಳುಗಳಲ್ಲಿ ಮುಚ್ಚುವ ಇನ್ನೊಂದು ದಾರಿಗೆ "ಪ್ರವೇಶ ನಿಷೇಧ" ಅಂತ ಬರೆಯಲಿಲ್ಲ. "ಇಲ್ಲಿ ನೆಲದ ಮೇಲೆ ಹಕ್ಕಿ ಕಾವು ಕೂತಿದೆ, ಈ ತಾರೀಖಿಗೆ ದಾರಿ ತೆರೆಯುತ್ತೆ" ಅಂತ ಬರೆದೆವು. ಆ ತಾರೀಖಿಗೆ ತಪ್ಪದೆ ತೆರೆದೆವು. ಒಂದು ದಿನ ತಡ ಮಾಡಿದ್ದರೂ ಮುಂದಿನ ವರ್ಷ ಯಾರೂ ನಂಬುತ್ತಿರಲಿಲ್ಲ.

ದೀಪದ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಪ್ಪಿಗೆಯಾಗುವ ದಾರಿ ಸಿಗಲಿಲ್ಲ. ಹಗಲಿಡೀ ಕೆಲಸ ಮಾಡುವವರಿಗೆ ಸಂಜೆ ಬಿಟ್ಟರೆ ಸೈಕಲ್‌ಗೆ ಸಮಯ ಇಲ್ಲ, ದೀಪ ಹಾಕಿಸಿ ಅಂದರು. ಬೇಡಿಕೆ ನ್ಯಾಯವಾದದ್ದೇ. ಆದರೆ ಗೂಬೆ, ಬಾವಲಿ, ರಾತ್ರಿ ಹುಳಗಳಿಗೆ ಉಳಿದಿರೋದು ಆ ಕತ್ತಲೊಂದೇ. ರಸ್ತೆ ದೀಪದ ಬೆಳಕು ಮೊದಲೇ ಬೀಳುವ ಪಂಪ್ ಟ್ರ್ಯಾಕನ್ನು ರಾತ್ರಿಯ ತನಕ ತೆರೆದಿಟ್ಟೆವು, ಮಣ್ಣಿನ ದಾರಿಯನ್ನು ಸೂರ್ಯ ಮುಳುಗಿದ ಮೇಲೆ ಮುಚ್ಚಿದೆವು. ತಲೆಗೆ ಕಟ್ಟುವ ಲೈಟೂ ಬೇಡ ಅಂದೆವು. ಕೆಲವರಿಗೆ ಬೇಜಾರಾಯಿತು, ಇನ್ನೂ ಇದೆ. ಅವರಿಗೆ ನಿಜವಾಗಿ ನಷ್ಟವಾಗಿದೆ, ಅದನ್ನು ನಾನು ಅವರ ಮುಂದೆಯೂ ಒಪ್ಪಿಕೊಂಡಿದ್ದೇನೆ.

ಕಳೆದ ಸಲದ ಋತುವಿನಲ್ಲಿ ಮುಚ್ಚಿದ ಜಾಗದಲ್ಲಿ ನೆಲದ ಹಕ್ಕಿಗಳು ಮರಿ ಮಾಡಿದವು. ಕೊಳದ ದಡದ ಮಣ್ಣಿನಲ್ಲಿ ಆಮೆ ಹತ್ತಿ ಹೋದ ಗುರುತು ಸಿಕ್ಕಿತು. ಗೂಬೆ ಆ ಮರಕ್ಕೆ ವಾಪಸ್ ಬಂದಿಲ್ಲ. ಪ್ರತಿ ಸಂಜೆ ಆ ಕಡೆಯಿಂದ ಬರುವಾಗ ತೋಟಗಾರರು ಒಮ್ಮೆ ತಲೆ ಎತ್ತಿ ನೋಡುತ್ತಾರೆ, ನಾನೂ ನೋಡುತ್ತೇನೆ.

ಈಗ ಹುಡುಗರು ಹೊಸ ಬೇಡಿಕೆ ತಂದಿದ್ದಾರೆ. ಇನ್ನೊಂದು ಉದ್ದದ ಇಳಿ ದಾರಿ ಬೇಕಂತೆ. ಅವರು ಎಳೆದ ಗೆರೆ ಸರಿಯಾಗಿ ಆಮೆಗಳು ದಾಟುವ ಪಟ್ಟಿಯ ಮೇಲೆ ಹಾದುಹೋಗುತ್ತೆ. ಆಗಲ್ಲ ಅಂತ ಮೇಜಿನ ಆಚೆ ಕೂತು ಹೇಳೋಕೆ ನನಗೆ ಇಷ್ಟ ಇಲ್ಲ. ಭಾನುವಾರ ಬೆಳಿಗ್ಗೆ ಅವರನ್ನು ಕರೆದುಕೊಂಡು, ಆ ಗೆರೆಯ ಉದ್ದಕ್ಕೂ ಹೊರಗಿನಿಂದಲೇ ನಡೆದು ತೋರಿಸಬೇಕು, ಆಮೇಲೆ ಅಂಚಿನಲ್ಲಿ ಎಲ್ಲಿ ಸುತ್ತಿಸಬಹುದು ಅಂತ ಅವರ ಜೊತೆಯೇ ನೋಡಬೇಕು.