ಆಫ್ ಮಾಡುವುದು ಸುಲಭ, ವಾಪಸ್ ಆನ್ ಮಾಡುವುದೇ ಕೆಲಸ

ಪೀಕ್ ಹೊತ್ತಿನಲ್ಲಿ ಕರೆಂಟಿನ ಬೇಡಿಕೆ ಇಳಿಸುವ ಕಂಟ್ರೋಲ್ ರೂಮಿನಲ್ಲಿ ನನ್ನ ಕೆಲಸ. ಒಪ್ಪಿಗೆ ಕೊಟ್ಟ ಗ್ರಾಹಕರ ಗೀಸರ್, ಏಸಿ, ಕಾರ್ ಚಾರ್ಜರ್ ಇಂಥವನ್ನು ದೂರದಿಂದಲೇ ಸ್ವಲ್ಪ ಹೊತ್ತು ನಿಲ್ಲಿಸುತ್ತೇವೆ ಅಥವಾ ತಗ್ಗಿಸುತ್ತೇವೆ. ಹೊಸದಾಗಿ ಸೇರಿದವರು ಮೊದಲು ಕೇಳುವುದು, ಎಷ್ಟು ಮೆಗಾವ್ಯಾಟ್ ಇಳಿಸಬಹುದು ಅಂತ. ನಾನು ಅವರನ್ನು ತಿರುಗಿ ಕೇಳುವುದು, ಇಳಿಸಿದ್ದನ್ನು ವಾಪಸ್ ಹೇಗೆ ಬಿಡುತ್ತೀರಿ ಅಂತ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಭಾಗ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಇದನ್ನು ಲೋಡ್ ಶೆಡ್ಡಿಂಗ್ ಅಂದುಕೊಳ್ಳುವವರು ಬಹಳ. ಲೋಡ್ ಶೆಡ್ಡಿಂಗಿನಲ್ಲಿ ಇಡೀ ಫೀಡರ್, ಅಂದರೆ ಒಂದು ಪ್ರದೇಶಕ್ಕೆ ಕರೆಂಟ್ ಒಯ್ಯುವ ಲೈನ್, ಹೋಗುತ್ತದೆ, ದೀಪ, ಫ್ಯಾನ್, ಲಿಫ್ಟ್ ಎಲ್ಲವೂ ಒಟ್ಟಿಗೆ. ನಾವು ಮುಟ್ಟುವುದು ಕಾಯಬಲ್ಲ ಉಪಕರಣಗಳನ್ನು ಮಾತ್ರ. ಗೀಸರಿನ ಟ್ಯಾಂಕಿನಲ್ಲಿ ಬಿಸಿನೀರು ಆಗಲೇ ಇರುತ್ತದೆ, ತಂಪಾದ ಕೋಣೆ ಸ್ವಲ್ಪ ಹೊತ್ತು ತಂಪಾಗಿಯೇ ಇರುತ್ತದೆ, ಬೆಳಗ್ಗೆವರೆಗೆ ನಿಂತಿರುವ ಕಾರಿಗೆ ಈಗಲೇ ಚಾರ್ಜ್ ಆಗಬೇಕು ಅಂತ ಏನಿಲ್ಲ. ಆದರೆ ಇಲ್ಲೇ ಒಂದು ಮಾತು ನೆನಪಿಡಬೇಕು. ನಾವು ಆ ಬೇಡಿಕೆಯನ್ನು ಅಳಿಸಿ ಹಾಕುತ್ತಿಲ್ಲ. ಮುಂದಕ್ಕೆ ತಳ್ಳುತ್ತಿದ್ದೇವೆ ಅಷ್ಟೇ. ತಳ್ಳಿದ್ದು ಹೆಚ್ಚೂ ಕಡಿಮೆ ಅಷ್ಟೂ ತಿರುಗಿ ಬರುತ್ತದೆ.

ಒಂದು ಲೆಕ್ಕ ಹಾಕೋಣ. 3 ಕಿಲೋವ್ಯಾಟಿನ 1,000 ಗೀಸರ್‌ಗಳಿವೆ ಅಂದುಕೊಳ್ಳಿ, ದೊಡ್ಡ ಟ್ಯಾಂಕಿನವು. ಸಾಮಾನ್ಯವಾಗಿ ಎಲ್ಲವೂ ಒಂದೇ ಸಲ ಉರಿಯುವುದಿಲ್ಲ. ಒಂದರ ಥರ್ಮೋಸ್ಟಾಟ್ ಈಗ ಆನ್ ಆದರೆ ಇನ್ನೊಂದರದು ಅರ್ಧ ಗಂಟೆ ಬಿಟ್ಟು ಆನ್ ಆಗುತ್ತದೆ. ಐದರಲ್ಲಿ ಒಂದು ಉರಿಯುತ್ತಿದೆ ಅಂತಿಟ್ಟುಕೊಂಡರೆ ಗ್ರಿಡ್‌ಗೆ ಕಾಣುವ ಲೋಡ್ 600 ಕಿಲೋವ್ಯಾಟ್. ಅಷ್ಟನ್ನೂ ಎರಡು ಗಂಟೆ ನಿಲ್ಲಿಸಿದೆವು. ಆ ಹೊತ್ತಿನಲ್ಲಿ ಜನ ನೀರು ಬಳಸಿದರು, ಟ್ಯಾಂಕ್‌ಗಳು ಒಂದೊಂದಾಗಿ ತಣ್ಣಗಾದವು. ಈಗ ಒಂದೇ ಬಟನ್ನಿನಲ್ಲಿ ಎಲ್ಲವನ್ನೂ ಬಿಟ್ಟರೆ, ತಣ್ಣಗಾದವೆಲ್ಲ ಬಾಗಿಲು ತೆರೆದ ತಕ್ಷಣ ನುಗ್ಗುವ ಗುಂಪಿನ ಹಾಗೆ ಒಟ್ಟಿಗೆ ಬರುತ್ತವೆ. ಸಾವಿರವೂ ತಣ್ಣಗಾಗಿದ್ದರೆ 3,000 ಕಿಲೋವ್ಯಾಟ್! ಇಳಿಸಿದ್ದು 600, ಏರಿದ್ದು ಅದರ ಐದು ಪಟ್ಟು. ಅದೂ ಕೂಡಲೇ ಇಳಿಯುವುದಿಲ್ಲ. 3 ಕಿಲೋವ್ಯಾಟಿನ ಎಲಿಮೆಂಟ್ 200 ಲೀಟರ್ ನೀರನ್ನು ಒಂದು ಗಂಟೆಯಲ್ಲಿ ಬಿಸಿ ಮಾಡುವುದು ಸುಮಾರು 13 ಡಿಗ್ರಿ ಮಾತ್ರ. ಚೆನ್ನಾಗಿ ತಣ್ಣಗಾದ ಟ್ಯಾಂಕು ಗಂಟೆಗಟ್ಟಲೆ ಉರಿಯುತ್ತಲೇ ಇರುತ್ತದೆ. ಸಂಜೆಯ ಪೀಕ್ ಉಳಿಸಲು ಹೋಗಿ ರಾತ್ರಿಗೆ ಇನ್ನೂ ದೊಡ್ಡ ಪೀಕ್ ಕಟ್ಟಿದ ಹಾಗಾಯಿತು, ಅಲ್ವಾ?

ಪವರ್ ಕಟ್ ಆಗಿ ಕರೆಂಟ್ ವಾಪಸ್ ಬಂದಾಗ ಫೀಡರ್ ಕೆಲವೊಮ್ಮೆ ಮತ್ತೆ ಟ್ರಿಪ್ ಆಗುವುದಕ್ಕೂ ಇದು ಒಂದು ಕಾರಣ. ನಮ್ಮ ಅನುಕೂಲ ಏನೆಂದರೆ, ಬಿಡುವ ವೇಗ ನಮ್ಮ ಕೈಯಲ್ಲೇ ಇರುತ್ತದೆ.

ಹಾಗಾಗಿ ನಾವು ಪ್ಲಾನ್ ಬರೆಯುವಾಗ ಕೊನೆಯಿಂದ ಶುರು ಮಾಡುತ್ತೇವೆ. ಗ್ರಾಹಕರನ್ನು ಗುಂಪುಗಳಾಗಿ ಒಡೆಯುತ್ತೇವೆ, ಅದನ್ನೂ ಸುಮ್ನೆ ಒಡೆಯುವುದಿಲ್ಲ, ಒಂದೇ ಟ್ರಾನ್ಸ್‌ಫಾರ್ಮರಿನ ಮನೆಗಳೆಲ್ಲ ಒಂದೇ ಗುಂಪಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇವೆ, ಯಾಕೆಂದರೆ ಇಡೀ ಗ್ರಿಡ್ ಲೆಕ್ಕದಲ್ಲಿ ಎಲ್ಲ ಸರಿಯಿದ್ದರೂ ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುವ ಹೊರೆ ಬೇರೆಯೇ ಆಗಿರುತ್ತದೆ. ಮೊದಲ ಗುಂಪನ್ನು ವಾಪಸ್ ಆನ್ ಮಾಡಿ ಫೀಡರಿನ ಮೀಟರ್ ನೋಡುತ್ತೇವೆ. ಏರಿಕೆ ನಿಂತ ಮೇಲೆ ಎರಡನೆಯದು. ಗುಂಪಿನ ಒಳಗೂ ಪ್ರತಿ ಉಪಕರಣಕ್ಕೆ ಲಾಟರಿ ಎತ್ತಿದ ಹಾಗೆ ಒಂದೊಂದು ವಿಳಂಬ ಇರುತ್ತದೆ.

ಈ ಯೋಚನೆ ಹೊಸದೇನಲ್ಲ. ನ್ಯೂಜಿಲೆಂಡಿನಲ್ಲಿ 1950ರ ದಶಕದಿಂದಲೇ ಬಿಸಿನೀರಿನ ಟ್ಯಾಂಕ್‌ಗಳನ್ನು ರಿಪಲ್ ಕಂಟ್ರೋಲ್ ಮೂಲಕ ವ್ಯಾಪಕವಾಗಿ ನಿಯಂತ್ರಿಸುತ್ತಿದ್ದಾರೆ. 50 ಹರ್ಟ್ಸಿನ ಕರೆಂಟಿನ ಮೇಲೆಯೇ ಕೆಲವು ನೂರು ಹರ್ಟ್ಸಿನ ಇನ್ನೊಂದು ಸಿಗ್ನಲ್ ಕೂರಿಸಿ ಅದೇ ತಂತಿಯಲ್ಲಿ ಕಳಿಸುತ್ತಾರೆ, ಮನೆಯಲ್ಲಿರುವ ರಿಲೇ ಎಂಬ ಸ್ವಿಚ್ ಅದನ್ನು ಗುರುತಿಸಿ ಟ್ಯಾಂಕಿಗೆ ಹೋಗುವ ಕರೆಂಟ್ ಕಡಿಯುತ್ತದೆ. ಇಂಟರ್ನೆಟ್ ಬೇಡ, ಏನೂ ಬೇಡ. ಅದರಲ್ಲೂ ನಮ್ಮ ಗುಂಪುಗಳ ಹಾಗೆ ಚಾನೆಲ್‌ಗಳಿರುತ್ತವೆ, ಒಂದೊಂದು ಚಾನೆಲ್ ಬೇರೆ ಬೇರೆಯಾಗಿ ಬಿಡಬಹುದು. ಸಿಗ್ನಲ್ ಒಂದೇ ದಿಕ್ಕಿನದು, ಮನೆಯಿಂದ ಉತ್ತರ ಬರುವುದಿಲ್ಲ. ಆದರೂ ಫೀಡರ್ ಮೀಟರ್ ನೋಡಿಕೊಂಡೇ ಇಷ್ಟು ದೊಡ್ಡ ಕೆಲಸ ನಡೆಸಿದ್ದಾರೆ. ಈ ವಿಷಯದಲ್ಲಿ ನನಗೆ ಆ ಇಂಜಿನಿಯರ್‌ಗಳ ಮೇಲೆ ಬಹಳ ಗೌರವ.

ಕಾರ್ ಚಾರ್ಜರ್ ಬಂದ ಮೇಲೆ ಇದೇ ತೊಂದರೆ ಇನ್ನೊಂದು ವೇಷದಲ್ಲಿ ಬಂತು. ರಾತ್ರಿ ಇಂತಿಷ್ಟು ಗಂಟೆಗೆ ದರ ಇಳಿಯುತ್ತದೆ ಅಂತ ಘೋಷಿಸಿದರೆ ಎಲ್ಲರೂ ಟೈಮರನ್ನು ಅದೇ ನಿಮಿಷಕ್ಕೆ ಇಡುತ್ತಾರೆ. 7 ಕಿಲೋವ್ಯಾಟಿನ ಚಾರ್ಜರ್‌ಗಳು ಸಾಲಾಗಿ ಒಟ್ಟಿಗೆ ಏಳುತ್ತವೆ. ಯಾರೂ ಯಾವ ಬಟನ್ನೂ ಒತ್ತದೆ ಲೋಡ್ ಗೋಡೆಯ ಹಾಗೆ ಏರಿ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ 2022ರ ಜೂನಿನಿಂದ ಜಾರಿಗೆ ಬಂದ ನಿಯಮ ಇದನ್ನೇ ಹಿಡಿದಿದೆ: ಮನೆಯಲ್ಲಿ ಹಾಕುವ ಹೊಸ ಚಾರ್ಜರ್ ಚಾರ್ಜಿಂಗ್ ಶುರು ಮಾಡುವ ಮುನ್ನ 10 ನಿಮಿಷದವರೆಗೆ ಯಾವುದಾದರೊಂದು ವಿಳಂಬವನ್ನು ತಾನೇ ಆರಿಸಿಕೊಳ್ಳಬೇಕು. ಎರಡು ಸಾಲಿನ ನಿಯಮ, ಆದರೆ ನನ್ನ ಪ್ರಕಾರ ಎಷ್ಟೋ ದುಬಾರಿ ಸಾಫ್ಟ್‌ವೇರ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಏಸಿಯ ವಿಷಯ ಸ್ವಲ್ಪ ಬೇರೆ. ಅದನ್ನು ಪೂರ್ತಿ ನಿಲ್ಲಿಸಿದರೆ ಕೋಣೆ ಬೇಗ ಬಿಸಿಯಾಗುತ್ತದೆ, ಹಾಗಾಗಿ ಅರ್ಧ ಗಂಟೆಯಲ್ಲಿ 15 ನಿಮಿಷ ಕಂಪ್ರೆಸರ್ ನಿಲ್ಲಿಸಿ 15 ನಿಮಿಷ ಬಿಡುವುದು ಹಳೆಯ ಪದ್ಧತಿ. ಕಾಗದದ ಮೇಲೆ ಅರ್ಧ ಲೋಡ್ ಉಳಿತಾಯ ಆಗಬೇಕು. ಆಗುವುದಿಲ್ಲ. ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಏಸಿ ಹಾಕಿದ್ದರೆ ಅದರ ಕಂಪ್ರೆಸರ್ ಹೇಗೂ ಅರ್ಧ ಹೊತ್ತಿಗಿಂತ ಕಡಿಮೆಯೇ ಓಡುತ್ತಿರುತ್ತದೆ. ನಾವು ನಿಲ್ಲಿಸಿದ 15 ನಿಮಿಷದ ಕೆಲಸವನ್ನು ಅದು ಬಿಟ್ಟ 15 ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಗಂಟೆಯ ಲೆಕ್ಕದಲ್ಲಿ ಉಳಿತಾಯ ಸೊನ್ನೆ. ಮೇಲಾಗಿ ಎಲ್ಲ ಏಸಿಗಳಿಗೂ ಒಂದೇ ಗಡಿಯಾರ ಕೊಟ್ಟರೆ ಬೇರೆ ಬೇರೆ ಹೊತ್ತಿಗೆ ಓಡುತ್ತಿದ್ದವುಗಳನ್ನು ನಾವೇ ಒಂದೇ ತಾಳಕ್ಕೆ ತಂದಂತಾಗುತ್ತದೆ. ಅದಕ್ಕೇ ಈಗ ಒಂದೊಂದು ಯಂತ್ರ ಬಿಸಿಲಿನ ದಿನ ತಾನಾಗಿ ಎಷ್ಟು ಹೊತ್ತು ಓಡುತ್ತದೆ ಅಂತ ಮೊದಲು ಕಲಿತು, ಅದರಲ್ಲಿ ಅರ್ಧವನ್ನು ಕತ್ತರಿಸುವ ವಿಧಾನ ಬಂದಿದೆ. ಅರ್ಧ ಗುಂಪು ನಿಂತಾಗ ಉಳಿದರ್ಧ ಓಡುವ ಹಾಗೆ ಹೊಂದಿಸುವುದೂ ಅಷ್ಟೇ ಮುಖ್ಯ.

ಪೂರ್ತಿ ನಿಲ್ಲಿಸುವ ಬದಲು ತಗ್ಗಿಸುವುದು ಸಾಧ್ಯವಿದ್ದರೆ ನಾನು ಯಾವತ್ತೂ ಅದನ್ನೇ ಆರಿಸುತ್ತೇನೆ. ಜರ್ಮನಿಯಲ್ಲಿ 2024ರ ಜನವರಿಯಿಂದ ಇರುವ ನಿಯಮವೂ ಇದೇ ದಾರಿಯದು. ಸ್ಥಳೀಯ ವಿದ್ಯುತ್ ಜಾಲದ ಮೇಲೆ ಒತ್ತಡ ಬಂದಾಗ ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆ ಎಳೆದು ಮನೆ ಬೆಚ್ಚಗಿಡುವ ಯಂತ್ರ), ಚಾರ್ಜರ್‌ಗಳನ್ನು ಜಾಲದ ಕಂಪನಿ ತಗ್ಗಿಸಬಹುದು, ಆದರೆ ಸಾಮಾನ್ಯವಾಗಿ ಕನಿಷ್ಠ 4.2 ಕಿಲೋವ್ಯಾಟ್ ಬಿಡಲೇಬೇಕು. ಬದಲಿಗೆ ಗ್ರಾಹಕರಿಗೆ ಜಾಲದ ಶುಲ್ಕದಲ್ಲಿ ರಿಯಾಯಿತಿ. ಕಾರು ನಿಧಾನವಾಗಿಯಾದರೂ ಚಾರ್ಜ್ ಆಗುತ್ತಲೇ ಇರುತ್ತದೆ, ಆಮೇಲೆ ತಿರುಗಿ ಬರುವ ಬಾಕಿಯೂ ಅಷ್ಟು ಕಡಿಮೆ.

ಈ ಸಲ ನನ್ನದನ್ನು ನಿಲ್ಲಿಸಬೇಡಿ ಅಂತ ಹೇಳಲು ಗ್ರಾಹಕರ ಕೈಯಲ್ಲಿರುವ ಬೇಡ ಅನ್ನುವ ಬಟನ್ ಬಗ್ಗೆಯೂ ಹೇಳಬೇಕು. ಅದನ್ನು ಕಿತ್ತುಹಾಕಿ, ಆಗ ಲೋಡ್ ಖಚಿತವಾಗಿ ಸಿಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಹಸುಗೂಸು ಇರಬಹುದು, ಕಾಯಿಲೆಯವರು ಇರಬಹುದು, ಅದು ನಮ್ಮ ಸ್ಕ್ರೀನಿನಲ್ಲಿ ಕಾಣುವುದಿಲ್ಲ. ಆ ಬಟನ್ ಇದೆ ಅನ್ನುವ ಧೈರ್ಯದಿಂದಲೇ ಜನ ಸೇರುತ್ತಾರೆ. ಕೆಲಸಕ್ಕೂ ಅದು ಉಪಯೋಗಕ್ಕೆ ಬರುತ್ತದೆ: ಒಂದು ಗುಂಪಿನಲ್ಲಿ ಬೇಡ ಅನ್ನುವವರು ಏಕಾಏಕಿ ಜಾಸ್ತಿಯಾದರೆ ಟ್ಯಾಂಕ್‌ಗಳು ತಣ್ಣಗಾಗಿವೆ, ಕೋಣೆಗಳು ಬಿಸಿಯಾಗಿವೆ ಅಂತ ಅರ್ಥ. ಎಷ್ಟು ಬಾಕಿ ಕಟ್ಟಿಕೊಂಡಿದೆ ಅನ್ನುವುದನ್ನು ಅದಕ್ಕಿಂತ ಬೇಗ ಹೇಳುವ ಮೀಟರ್ ನಮ್ಮ ಹತ್ತಿರ ಇಲ್ಲ. ಆಗ ನಾವು ಆ ಗುಂಪನ್ನು ನಿಗದಿಯಾದ ಹೊತ್ತಿಗಿಂತ ಮೊದಲೇ, ನಿಧಾನವಾಗಿ ಬಿಡಲು ಶುರು ಮಾಡುತ್ತೇವೆ.

ಹೀಟ್ ಪಂಪ್ ಇರುವ ಮನೆಗಳಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಹಲವು ಹೀಟ್ ಪಂಪ್‌ಗಳ ಜೊತೆ ಬ್ಯಾಕಪ್ ಆಗಿ ಒಂದು ಮಾಮೂಲಿ ಹೀಟಿಂಗ್ ಎಲಿಮೆಂಟ್ ಇರುತ್ತದೆ. ಮನೆ ತಣ್ಣಗಾಗಿ, ಇರುವ ಉಷ್ಣಾಂಶಕ್ಕೂ ಬೇಕಾದ ಉಷ್ಣಾಂಶಕ್ಕೂ ಅಂತರ ಜಾಸ್ತಿಯಾದರೆ ಅದು ತಾನಾಗಿ ಆನ್ ಆಗುತ್ತದೆ, ಅಷ್ಟೇ ಶಾಖಕ್ಕೆ ಹೀಟ್ ಪಂಪಿಗಿಂತ ಎರಡು ಮೂರು ಪಟ್ಟು ಕರೆಂಟ್ ಎಳೆಯುತ್ತದೆ. ಹಾಗಾಗಿ ಅಲ್ಲಿ ಥರ್ಮೋಸ್ಟಾಟನ್ನು ಒಂದೇ ಸಲ ಮೊದಲಿನ ಮಟ್ಟಕ್ಕೆ ತರುವುದಿಲ್ಲ, ಅರ್ಧರ್ಧ ಡಿಗ್ರಿ ಏರಿಸುತ್ತಾ ಬರುತ್ತೇವೆ. ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನೂ ಪ್ಲಾನಿನಲ್ಲಿ ಮೊದಲೇ ಬರೆದಿಟ್ಟಿರುತ್ತೇವೆ, ಶಿಫ್ಟ್ ಬದಲಾಗುವ ಗಳಿಗೆಗೆ ಅದು ಬೀಳದ ಹಾಗೆ.